ಇಂದ್ರವ್ವನ ರೀಲಿಗೆ ಮಗ್ಗದ ನಾಲಿಗೆ

ಕೃಷ್ಣಾ ನದಿಯ ಸಮಸ್ತ ಮೀನುಗಳ ನಿವೃತ್ತ ವಿಚಾರಣಾಧಿಕಾರಿಯೂ, ನನ್ನ ವಾರದ ಅಂಕಣದ ಏಕಮೇವ ಕಚ್ಚಾಮಾಲೂ ಆದ ಇಂದ್ರವ್ವನಿಗೆ,

ಜಮಖಂಡಿಯಿಂದ ನಿನ್ನ ಗಂಡ ಬಸಗೊಂಡಪ್ಪ ಬರೆಯುವುದೇನೆಂದರೆ, ನಾನು ಕ್ಷೇಮ. ಮುಂದೆ ‘ನೀನು ಕ್ಷೇಮವೇ’ ಎಂದು ಕೇಳುವ ರೂಢಿಯಿದೆ. ಆದರೆ ನಿನ್ನನ್ನು ಮಣ್ಣಿನಲ್ಲಿ ಕೂಡ್ರಿಸಿ ಬಂದವನು ನಾನೇ ಆದ್ದರಿಂದ ಆ ಪ್ರಶ್ನೆಯನ್ನು ಕೈಬಿಟ್ಟಿದ್ದೇನೆ. ಅರ್ಧ ಆಯುಷ್ಯವನ್ನು ನೀರಿನ ದಂಡೆಯಲ್ಲಿ ಕಳೆದವಳನ್ನು ನಮ್ಮ ಮಂದಿಯ ರೀತಿಯಂತೆ ನೆಲಕ್ಕೆ ಕೊಟ್ಟೆವು. ಕೂತೇ ಹೋದಿ. ಗಾಳ ಹಾಕಿ ದಂಡೆಯ ಮೇಲೆ ಕೂಡ್ರುತ್ತಿದ್ದೆಯಲ್ಲ, ಹೆಚ್ಚುಕಡಿಮೆ ಅದೇ ಠೀವಿ. ಕೈಯಲ್ಲಿ ಗಾಳದ ರೀಲು ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಈ ಪತ್ರದ ವಿಷಯ ಆ ರೀಲು. ನಿನಗೆ ಗೊತ್ತಿರುವುದನ್ನೇ ನಿನಗೆ ವಿವರಿಸಿ ಹೇಳುವುದು ಗಂಡಂದಿರ ಜನ್ಮಸಿದ್ಧ ಹಕ್ಕು. ಇವತ್ತೊಂದು ದಿನ ಆ ಹಕ್ಕನ್ನು ಪೂರ್ತಿಯಾಗಿ ಚಲಾಯಿಸುತ್ತೇನೆ, ನಡುವೆ ಬಾಯಿ ಹಾಕಬೇಡ. ಹಾಕಿದ್ದರೆ ಎಷ್ಟು ಛಲೋ ಇತ್ತು, ಅದು ಬೇರೆ ಮಾತು.

ಗಲಗಲಿಯಲ್ಲಿ ನಿಮ್ಮಪ್ಪ ಹೊಳೆಯ ನೀರಿನ ಮಟ್ಟ ಅಳೆಯುವ ಸರಕಾರಿ ನೌಕರರಾಗಿದ್ದರು. ನದಿ ನೋಡಲು ಬಂದಿದ್ದ ವಿಲಾಯಿತಿ ಇಂಜಿನಿಯರನೊಬ್ಬ ತನ್ನ ದೇಶಕ್ಕೆ ಮರಳುವಾಗ ತನ್ನ ಗಾಳದ ಕೋಲನ್ನೂ ಅದರ ರೀಲನ್ನೂ ಅವರ ಕೈಗಿಟ್ಟು ಹೋದ. ಆಗಲೇ ಅದು ಹಳೆಯದು, ಆ ಇಂಜಿನಿಯರನ ಅಪ್ಪನದಂತೆ. ಚಹಾದ ಬಸಿಯಷ್ಟು ಅಗಲ, ಹಿತ್ತಾಳೆಯ ಬೆನ್ನು, ಅಲ್ಲಲ್ಲಿ ಉದುರಿದ ಕರಿ ಬಣ್ಣ. ಒಳಗೆ ದಾರ ಸುತ್ತುವ ಗಾಲಿ, ಅದರ ಹಿಂದೆ ಹಲ್ಲುಗಳಿರುವ ಇನ್ನೊಂದು ಪುಟ್ಟ ಗಾಲಿ. ಆ ಹಲ್ಲುಗಳ ಮೇಲೆ ಆಡಲಿಕ್ಕೆ ಹುಣಸೆಬೀಜದಷ್ಟು ಉಕ್ಕಿನ ತುಣುಕು, ಅದನ್ನು ಒತ್ತಿ ಹಿಡಿಯಲಿಕ್ಕೆ ಒಂದು ಸ್ಪ್ರಿಂಗು. ಆ ತುಣುಕಿಗೆ ನಿಮ್ಮಪ್ಪ ಇಟ್ಟ ಹೆಸರು ನಾಲಿಗೆ. ಮೀನು ದಾರ ಎಳೆದುಕೊಂಡು ಹೋದರೆ ನಾಲಿಗೆ ಕಿರ್ರೆಂದು ಚೀರುತ್ತಿತ್ತು, ನೀನು ಹಿಡಿಕೆ ತಿರುವಿ ದಾರ ಒಳಗೆ ತಂದರೆ ಟಕಟಕ ಎನ್ನುತ್ತಿತ್ತು. ಹೋಗುವುದಕ್ಕೆ ಒಂದು ದನಿ, ಬರುವುದಕ್ಕೆ ಒಂದು ದನಿ. ಪಡಸಾಲೆಯಲ್ಲಿ ಕೂತು ನೀನು ಅದಕ್ಕೆ ಎಣ್ಣೆ ಹಾಕಿ ಹಿಂದಕ್ಕೂ ಮುಂದಕ್ಕೂ ತಿರುವುತ್ತಿದ್ದಾಗ, ಒಳಗೆ ಕೂತು ಹಾಸ್ಯ ಬರೆಯುತ್ತಿದ್ದ ನಾನು ಹಲ್ಲು ಕಡಿಯುತ್ತಿದ್ದೆ. ಹಾಸ್ಯ ಬರೆಯುವವರ ಮೋರೆ ಬರೆಯುವಾಗ ಹೇಗಿರುತ್ತದೆಂದು ನಿನ್ನಷ್ಟು ಬಲ್ಲವರು ಯಾರೂ ಇಲ್ಲ.

ಮದುವೆಯಾಗಿ ಬಂದ ದಿನ ನಿನ್ನ ಹಾಸಿಗೆ, ಪಾತ್ರೆಗಳ ಜೊತೆಗೆ ಟೆಂಪೋದಿಂದ ಆ ಕೋಲೂ ಇಳಿಯಿತು. ಹೊಲದಲ್ಲಿ ಹಕ್ಕಿ ಓಡಿಸುವ ಕೋಲಿರಬೇಕು, ಸೊಸೆ ಕೆಲಸಗಿತ್ತಿ ಎಂದು ನಮ್ಮವ್ವ ಹಿಗ್ಗಿದಳು. ನಿಜ ಸಂಗತಿ ತಿಳಿದಾಗ ಅವಳು ಹಣೆಗೆ ಕೈ ಹಚ್ಚಿ ಹೊಸ್ತಿಲ ಮೇಲೆ ಕುಸಿದ ದೃಶ್ಯವನ್ನು ಯಾವ ನಾಟಕ ಕಂಪನಿಯವರಾದರೂ ಕೊಂಡುಕೊಳ್ಳುತ್ತಿದ್ದರು. “ಲಿಂಗವಂತರ ಮನಿ ಇದು, ಇಂದ್ರವ್ವಾ!” ನೀನು ತಣ್ಣಗೆ ಹೇಳಿದಿ, “ತಿನ್ನೂದಿಲ್ರಿ ಅತ್ತಿ. ಹಿಡದು ಬಿಡೂದಷ್ಟ.” ಅವ್ವ ಕೇಳಿದಳು, “ಬಿಡೂದಿದ್ರ ಹಿಡಿಯೂದ್ಯಾಕ?” ಆಗ ನೀನು ನನ್ನತ್ತ ಬೊಟ್ಟು ಮಾಡಿ ಅಂದ ಮಾತು: “ನಿಮ್ಮ ಮಗಾ ದಿನಾ ಚಾದಂಗಡ್ಯಾಗ ಮಂದಿನ್ನ ಹಿಡದು ಕೂಡ್ರಸ್ತಾರಲ್ರಿ, ತಿಂತಾರೇನು? ಮಾತಾಡ್ಸಿ ಬಿಡತಾರ. ನಂದೂ ಹಂಗ.” ಅವ್ವ ಬಾಯಿ ಮುಚ್ಚಿದಳು. ನಾನು ಬಾಯಿ ತೆರೆದೆ, ಮತ್ತು ಅವತ್ತೇ ನಿನ್ನ ಮಾತನ್ನು ಕಾಗದಕ್ಕಿಳಿಸಿದೆ.

ನನ್ನ ಅಂಕಣ ಹುಟ್ಟಿದ್ದು ಹಾಗೆ. ಹಗಲು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ತೂಕ ನೋಡುವವನು, ವಾರಕ್ಕೊಮ್ಮೆ ‘ಇಂದ್ರವ್ವ ಅಂದಳು’ ಎಂದು ಬರೆದು ನಮ್ಮ ಜಮಖಂಡಿಯ ಪುಟ್ಟ ಪತ್ರಿಕೆಯ ಹಾಸ್ಯಸಾಹಿತಿಯಾದೆ. ಗಲಗಲಿಗೆ ಹೋಗಿ ನೀನು ಗಾಳ ಹಾಕುತ್ತಿದ್ದಿ. ಮೀನು ಬಂದರೆ ಅಂಗೈಯಲ್ಲಿ ಹಿಡಿದು, ಕೊಂಡಿ ಬಿಡಿಸುತ್ತ, ಮೋರೆಗೆ ಮೋರೆ ಕೊಟ್ಟು ಬೈಯುತ್ತಿದ್ದಿ: “ಅಯ್ಯ ನಿನ್ನ, ಕಣ್ಣ ಕಾಣಂಗಿಲ್ಲೇನ? ಮನಿಯಾಗ ಹಿರ್‍ಯಾರಿಲ್ಲೇನ ಹೇಳಾಕ? ಹೋಗು, ಮತ್ತ ಬಂದೀ!” ಆಮೇಲೆ ಅದನ್ನು ನೀರಿಗೆ ಬಿಡುತ್ತಿದ್ದಿ. ನಾನು ಛತ್ರಿ ಹಿಡಿದು ಪಕ್ಕದಲ್ಲಿ ಕೂತು ಆ ಬೈಗಳನ್ನು ಬರೆದುಕೊಳ್ಳುತ್ತಿದ್ದೆ. ಮುಧೋಳ, ಲೋಕಾಪುರ, ರಬಕವಿಯ ಓದುಗರು ನಕ್ಕಿದ್ದೆಲ್ಲ ಆ ಬೈಗಳಿಗೇ. ಹೆಸರು ಮಾತ್ರ ನನ್ನದು.

ಕಳೆದ ವರ್ಷ ನಿನಗೆ ಜಡ್ಡು ಬಂದು ನೀನು ಹೊರಸು ಹಿಡಿದಾಗಲೂ ರೀಲು ನಿನ್ನ ದಿಂಬಿನ ಮಗ್ಗುಲಲ್ಲೇ ಇತ್ತು. ಒಂದು ದಿನ ತಿರುವುತ್ತಿದ್ದಂತೆ ಒಳಗೆ ಏನೋ ಪಟ್ಟೆಂದಿತು. ಸದ್ದು ನಿಂತಿತು. “ನಾಲಗಿ ಬಿತ್ತು ನೋಡ್ರಿ ಇದರದು,” ಅಂದಿ. ನಿನ್ನದೊಂದು ಗಟ್ಟಿ ಇದ್ದರೆ ಸಾಕು ಎಂದೆ ನಾನು. ನೀನು ನಕ್ಕಿ. ಕಾರ್ತಿಕದಲ್ಲಿ ನಿನ್ನದೂ ನಿಂತಿತು.

ಈಗ ಕೇಳು, ನೀನು ಹೋದ ಮೂರನೆಯ ದಿನದ ಕತೆ. ಮನೆಯ ತುಂಬ ಮಂದಿ. ಹೊರಗಿನ ಕಟ್ಟೆಯ ಮೇಲೆ ಲೋಕಾಪುರದಿಂದ ಬಂದ ಯಾರದೋ ಬೀಗರು ಪತ್ರಿಕೆ ಹಿಡಿದು ಕೂತಿದ್ದರು. ಆ ವಾರದ ಅಂಕಣವನ್ನು ನಾನು ಮೊದಲೇ ಕಳಿಸಿಬಿಟ್ಟಿದ್ದೆ, ಅಚ್ಚಾಗಿ ಬಂದಿತ್ತು. ನಾನು ಛತ್ರಿ ಕಳಕೊಂಡು ಬಂದದ್ದಕ್ಕೆ ನೀನು ಬೈದ ಪ್ರಸಂಗ. ಓದುತ್ತ ಓದುತ್ತ ಆ ಮನುಷ್ಯ ಫಕ್ಕನೆ ನಕ್ಕುಬಿಟ್ಟರು. ನಕ್ಕವರು ತಾವು ಎಲ್ಲಿ ಕೂತಿದ್ದೇವೆಂಬುದು ನೆನಪಾಗಿ, ಪತ್ರಿಕೆಯನ್ನು ಬಾಯಿಗೆ ಅಡ್ಡ ಹಿಡಿದು, ಕೆಮ್ಮು ಬಂದವರಂತೆ ನಟಿಸಿದರು. ಬಾಗಿಲ ಮರೆಯಲ್ಲಿ ನಿಂತು ನಾನು ನೋಡಿದೆ. ಮಣ್ಣು ಇನ್ನೂ ಹಸಿಯಿದ್ದಾಗಲೇ ನಿನ್ನ ಮಾತಿಗೆ ಒಬ್ಬ ಮನುಷ್ಯನ ಹೊಟ್ಟೆ ಕುಲುಕಿತ್ತು. ಹಾಗಾದರೆ ನೀನು ಎಷ್ಟು ಸತ್ತಂತೆ? ಪೂರ್ತಿ ಅಲ್ಲ ಎಂದು ನಾನು ತೀರ್ಮಾನ ಮಾಡಿದೆ.

ಮುಂದಿನ ವಾರವೂ ‘ಇಂದ್ರವ್ವ ಅಂದಳು’ ಎಂದು ಬರೆದೆ. ಅದರ ಮುಂದಿನ ವಾರವೂ. ನಮ್ಮ ಸಂಪಾದಕ ಪ್ರಹ್ಲಾದರಾಯರು ನಿನ್ನ ಮಣ್ಣಿಗೆ ಬಂದಿದ್ದವರು. ಓದಿ, ಕನ್ನಡಕ ಒರೆಸುತ್ತ ಅಂದರು, “ಬಸಗೊಂಡಪ್ಪ, ಒಂದು ಚೌಕ ಹಾಕಿ, ಸುತ್ತಲೂ ಕಪ್ಪು ಗೆರಿ ಎಳದು, ನಾಲ್ಕು ಸಾಲು ಹಾಕೂಣೇನು? ಓದೂ ಮಂದಿಗೆ ತಿಳೀಬೇಕಲ್ಲ?” ನಾನಂದೆ, “ಅಕಿ ಚೌಕದಾಗ ಕೂಡ್ರೂ ಪೈಕಿ ಅಲ್ರಿ.” ಅವರು ಮತ್ತೆ ಆ ಮಾತೆತ್ತಲಿಲ್ಲ. ನಮ್ಮ ಓಣಿಗೆ ನೀನಿಲ್ಲವೆಂಬುದು ಗೊತ್ತಿತ್ತು. ಓಣಿಯ ಆಚೆ ಪತ್ರಿಕೆ ಹೋದಲ್ಲೆಲ್ಲ ನೀನು ಆರಾಮ ಇದ್ದಿ.

ಆದರೆ ಕಚ್ಚಾಮಾಲು ಮುಗಿಯುತ್ತ ಬಂದಿತ್ತು. ನೀನು ಖರೇ ಅಂದಿದ್ದ ಮಾತುಗಳೆಲ್ಲ ಖರ್ಚಾಗಿ, ನೀನು ಅನ್ನಬಹುದಾಗಿದ್ದ ಮಾತುಗಳನ್ನು ನಾನೇ ಹೊಸೆಯತೊಡಗಿದೆ. ಒಂದು ವಾರ ಏನೂ ಹೊಳೆಯದೆ, ಹೊರಸಿನ ಮೇಲಿದ್ದ ರೀಲನ್ನೇ ನೋಡುತ್ತ ಬರೆದೆ: ಇಂದ್ರವ್ವನ ರೀಲಿನ ನಾಲಿಗೆ ಬಿದ್ದಿದೆ, ಅದನ್ನು ರಿಪೇರಿ ಮಾಡಿಸಿ ತರುವವರೆಗೆ ಮನೆಯಲ್ಲಿ ನನಗೆ ಚಹಾ ಬಂದ್, ಇಡೀ ಜಿಲ್ಲೆಯಲ್ಲಿ ಇಂಥ ರೀಲು ರಿಪೇರಿ ಮಾಡುವ ಗಂಡಸು ಹುಟ್ಟಿಲ್ಲ, ಇತ್ಯಾದಿ. ಕೊನೆಯ ವಾಕ್ಯ ಬರೆಯಬಾರದಿತ್ತು. ಅದು ಅಚ್ಚಾದ ಶನಿವಾರವೇ ಫೋನು ಬಂತು.

“ಬನಹಟ್ಟಿಯಿಂದ ಮಗ್ಗದ ಫಿಟ್ಟರ್ ಶಿವಪುತ್ರ ಮಾತಾಡಾಕತ್ತೇನ್ರೀ! ಗಂಡಸು ಹುಟ್ಟ್ಯಾನ್ರೀ! ರೀಲ್ ತೊಗೊಂಡ್ ಬರ್ರಿ!” ಎಂದು ಆ ಫೋನು ಕೂಗಿತು. ಬನಹಟ್ಟಿಯವರಿಗೆ ಫೋನು ಬೇಕಾಗಿಯೇ ಇಲ್ಲ, ಬಾಗಿಲಿಗೆ ಬಂದು ನಿಂತು ಮಾತಾಡಿದರೂ ಜಮಖಂಡಿಗೆ ಕೇಳುತ್ತದೆ. ದಿನವಿಡೀ ಪಾವರ್‌ಲೂಮಿನ ಗದ್ದಲದಲ್ಲಿ ಕೂಗಿ ಕೂಗಿ ಅಲ್ಲಿಯವರ ದನಿಗೆ ಇಳಿಯುವ ಮೆಟ್ಟಿಲೇ ಇಲ್ಲ.

ಹೋದೆ. ಶಿವಪುತ್ರನ ಅಂಗಡಿ ಎರಡು ಮಗ್ಗದ ಶೆಡ್ಡುಗಳ ನಡುವಿನ ಸಂದಿ. ಆಳು ದಪ್ಪ, ಕೈ ತುಂಬ ಗ್ರೀಸು, ತನ್ನ ವಿದ್ಯೆಯ ಬಗ್ಗೆ ಕಿಂಚಿತ್ತೂ ಸಂಶಯವಿಲ್ಲ. “ಈ ಊರಾಗ ನನ್ನ ಕೈ ಮುಟ್ಟದ ಮಗ್ಗ ಇಲ್ರೀ! ಮಗ್ಗ ಏನು, ನಮ್ಮ ಮಾವನ ಹಲ್ಲಿನ ಸೆಟ್ಟು ನಾನ ಸರಿ ಮಾಡೇನಿ!” ಮಾವನ ಊಟ ಈಗ ಹೇಗೆ ನಡೆದಿದೆ ಎಂದು ಕೇಳುವಷ್ಟರಲ್ಲಿ ಒಳಗಿಂದ ಅವನ ಹೆಂಡತಿ ಕೆಂಪವ್ವ ಬಂದಳು. ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು, ತಲೆಯ ಮೇಲೆಲ್ಲ ಹತ್ತಿಯ ಧೂಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಶೆಡ್ಡಿನ ಕಡೆ ತಿರುಗಿ ಕೂಗಿದಳು, “ಬರ್ರೆವ್ವಾ, ಇಂದ್ರವ್ವಾರ ಗಂಡ ಬಂದಾರ!” ಸಾಹಿತ್ಯ ಲೋಕದಲ್ಲಿ ನನಗಿರುವ ಪದವಿ ಅದೊಂದೇ. ಆದಷ್ಟು ಗಂಭೀರವಾಗಿ ಕೈ ಮುಗಿದೆ.

ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಕಿವಿಯೊಳಗಿಂದ ಯಾರೋ ಅರಳೆ ತೆಗೆದಂಥ ನಿಶ್ಶಬ್ದ. ಆ ನಿಶ್ಶಬ್ದದ ನಡುವೆ ಶಿವಪುತ್ರ ತನ್ನ ಮಾಮೂಲಿ ದನಿಯಲ್ಲೇ ಕೂಗಿದ, “ಬಾಯಾರು ಹ್ಯಾಂಗದಾರ್ರೀ?”

ಬಾಯಾರೆಂದರೆ ನೀನು. ಇಡೀ ಓಣಿ ನನ್ನ ಕಡೆ ನೋಡಿತು. ಕಿಟಕಿಗಳಲ್ಲಿ ಮೋರೆಗಳು. ನಾನು ಹೇಳಿದೆ, “ಅದಾಳ.” ಓಣಿಗೆ ಸಮಾಧಾನವಾಯಿತು.

ರೀಲು ಬಿಚ್ಚಲಿಕ್ಕೇ ಒಂದು ಹೊತ್ತು ಹಿಡಿಯಿತು. ಸ್ಕ್ರೂಗಳು ಜಂಗು ಹಿಡಿದು ಕಚ್ಚಿಕೊಂಡಿದ್ದವು. ಶಿವಪುತ್ರ ಸೀಮೆಎಣ್ಣೆ ಬಿಟ್ಟು, ಚಾದರದಲ್ಲಿ ಸುತ್ತಿ, ಕೂಸನ್ನು ತಟ್ಟಿದಂತೆ ಮೆಲ್ಲಗೆ ಬಡಿದು ಬಿಡಿಸಿದ. ಒಳಗೆ ಸ್ಪ್ರಿಂಗು ಮುರಿದಿತ್ತು, ನಾಲಿಗೆಯ ತುದಿ ಸವೆದು ಗುಂಡಾಗಿತ್ತು. ಗಾಲಿ ತಿರುಗುವ ಕಂಬಿಯ ಸುತ್ತಲಿನ ಹಿತ್ತಾಳೆಯ ಬಳೆ ಸಡಿಲಾಗಿತ್ತು. “ಇದೇನ್ ದೊಡ್ಡ ವಿಲಾಯಿತಿ ಮಾಲ್ರೀ? ನಮ್ಮ ಮಗ್ಗದಾಗೂ ಇಂಥಾದ ಹಲ್ಲಗಾಲಿ, ಇಂಥಾದ ನಾಲಗಿ. ನೇಯ್ದ ಬಟ್ಟಿ ಸುತ್ತಿಕೊಳ್ಳೂ ಕಡೆ ಇರತೈತಿ.” ಹಳೆಯ ಮಗ್ಗವೊಂದರಿಂದ ನಾಲಿಗೆ ಕಿತ್ತು, ಸಾಣೆಗೆ ಹಿಡಿದು ಚಿಕ್ಕದು ಮಾಡಿದ. ಸ್ಪ್ರಿಂಗೂ ಮಗ್ಗದ್ದೇ. ಕರೆಂಟು ಬಂದ ಮೇಲೆ ಹೊಸ ಬಳೆಯನ್ನು ಲೇಥಿನಲ್ಲಿ ಕಡೆದ.

ಆಮೇಲೆ ಶುರುವಾಯಿತು ನನ್ನ ಪರೀಕ್ಷೆ. “ಬಾಯಾರು ಯಾವ ಕೈಯಾಗ ತಿರುವತಾರ್ರಿ?”

ಅಷ್ಟು ವರ್ಷ ಪಕ್ಕದಲ್ಲಿ ಛತ್ರಿ ಹಿಡಿದು ಕೂತವನು ನಾನು. ಕಣ್ಣು ಮುಚ್ಚಿದೆ. ಮೋರೆ ಬಂತು, ಸೀರೆಯ ಸೆರಗು ಬಂತು, ಕೈ ಬರಲಿಲ್ಲ. ಸದ್ದಿನಿಂದ ಹುಡುಕಿದೆ. ರೀಲಿನ ಟಕಟಕದ ಜೊತೆಗೆ ಇನ್ನೊಂದು ಸದ್ದಿರುತ್ತಿತ್ತಲ್ಲ, ಹಸಿರು ಬಳೆಗಳದ್ದು? ಅದು ನನ್ನ ಕಡೆಯಿಂದಲೇ ಬರುತ್ತಿತ್ತು, ನಾನು ಕೂಡ್ರುತ್ತಿದ್ದುದು ನಿನ್ನ ಎಡಕ್ಕೆ. “ಎಡಗೈ,” ಎಂದೆ. ಪರೀಕ್ಷೆಯಲ್ಲಿ ಪಾಸಾದ ಹುಡುಗನಿಗೂ ಅಷ್ಟು ಹಿಗ್ಗಾಗಿರಲಿಕ್ಕಿಲ್ಲ, ಅಷ್ಟು ಅಳುವೂ ಬಂದಿರಲಿಕ್ಕಿಲ್ಲ.

ಹಿಡಿಕೆಯ ಕಟ್ಟಿಗೆಯ ಗುಂಡಿ ಒಂದು ಬದಿಗೆ ಸವೆದು ಕುಳಿಯಾಗಿತ್ತು. ಅದನ್ನು ಒಗೆದು, ಹಳೆಯ ಲಾಳಿಯ ಕಟ್ಟಿಗೆಯಲ್ಲಿ ಹೊಸದು ಕಡೆದು ಹಾಕುತ್ತೇನೆಂದ ಶಿವಪುತ್ರ. ನಾನು ಆ ಕುಳಿಯಲ್ಲಿ ಹೆಬ್ಬೆರಳು ಇಟ್ಟು ನೋಡಿದೆ. ಹಿಡಿಸಲಿಲ್ಲ. ನಿನ್ನ ಹೆಬ್ಬೆರಳು ಇಷ್ಟು ಸಣ್ಣದಿತ್ತೆಂದು ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. “ಇದು ಇರಲಿ,” ಎಂದೆ. “ಹಳೇದ ಐತಲ್ರೀ!” “ಇರಲಿ ಬಿಡಪಾ.” ತನ್ನ ಕಲೆಗೆ ಅಪಮಾನವಾದವನಂತೆ ಅವನು ಗುಂಡಿಯನ್ನು ಹಾಗೇ ಬಿಟ್ಟ.

“ಸ್ಪ್ರಿಂಗಿನ ಬಿಗಿ ಎಷ್ಟಿರಬೇಕ್ರಿ? ಬಾಯಾರ ಕೈಗೆ ಹಗರ ಆಗಬೇಕೋ, ಜಡ ಆಗಬೇಕೋ?” ಅದು ನನಗೆ ಖರೇನೇ ಗೊತ್ತಿರಲಿಲ್ಲ. “ಹಂಗಾರ ಬಾಯಾರಿಗೆ ಫೋನ್ ಹಚ್ಚರಿ,” ಎಂದ. ಅವನೂ ಕೆಂಪವ್ವನೂ ನೋಡುತ್ತಿದ್ದರು. ನಿನ್ನ ನಂಬರು ತೆಗೆದೆ, ಹಚ್ಚಿದೆ, ಕಿವಿಗೆ ಹಿಡಿದೆ. ಆ ಯಂತ್ರದ ಹೆಂಗಸು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳಬೇಕಾದ್ದನ್ನು ಹೇಳಿದಳು. “ಸ್ವಿಚ್ ಆಫ್ ಐತಿ,” ಎಂದೆ. ಎಡಗೈಯ ಮಾತು ಬಿಟ್ಟರೆ, ಆ ದಿನ ನಿನ್ನ ಬಗ್ಗೆ ನಾನಾಡಿದ ಏಕೈಕ ಸತ್ಯ ಅದು.

“ಹಂಗಾರ ಬರೂ ಐತಾರ ನಾವ ಗಲಗಲಿಗೆ ಬರತೇವಿ!” ಎಂದ ಶಿವಪುತ್ರ. “ಬಾಯಾರು ಗಾಳ ಒಗಿಯೂದು ಕಣ್ಣಾರೆ ನೋಡಬೇಕು. ಬಿಗಿ ಅಲ್ಲೇ ಸರಿ ಮಾಡಿಕೊಡತೇನಿ.” ನಾನು ಬಾಯಿ ತೆರೆಯುವ ಮೊದಲೇ ಕೆಂಪವ್ವ ಅಂದಳು, “ನಾ ಉಡಿ ತುಂಬತೇನ್ರಿ ಅವರಿಗೆ.” ಯಾಕವ್ವ ಎಂದೆ. ಅವಳು ನೆಲ ನೋಡಿದಳು, ಗಂಡ ಹೇಳಿದ: “ಹ್ವಾದ ವರ್ಷ ಇಕಿ ಅವ್ವ ತೀರಿಕೊಂಡ್ಲರಿ. ಇಕಿ ಉಣವಲ್ಲಳು, ಮಾತಾಡವಲ್ಲಳು. ಒಂದ ದಿನ ಕಂಡಿಕಿ ಬುಟ್ಟ್ಯಾಗ ಹಾಸಿದ್ದ ಪೇಪರಿನ್ಯಾಗ ನಿಮ್ಮ ಬಾಯಾರು ಮೀನಕ ಬೈದದ್ದು ಓದಿ ನಕ್ಕಬಿಟ್ಲು. ನಕ್ಕೋತನ ಅತ್ಲು. ಆಮ್ಯಾಲ ಎದ್ದು ರೊಟ್ಟಿ ಬಡದ್ಲು.” ಅಂಥವಳಿಗೆ ಅಕ್ಕಿ, ಕಾಯಿ, ಖಣ ಕೊಟ್ಟು ಉಡಿ ತುಂಬದೆ ಇನ್ನೇನು ಮಾಡಬೇಕು ಎಂಬಂತೆ ಕೆಂಪವ್ವ ನನ್ನನ್ನು ನೋಡಿದಳು. ಮುತ್ತೈದೆಯ ಉಡಿ. ನಾನು ಇಲ್ಲ ಅನ್ನಬೇಕಿತ್ತು. “ಆಗಲಿ” ಎಂದು ಬಸ್ಸು ಹತ್ತಿದೆ.

ಐತಾರದವರೆಗೆ ಮನಸ್ಸಿನಲ್ಲಿ ಏನೇನು ಹುನ್ನಾರ ಹೂಡಲಿಲ್ಲ? ನಿನಗೆ ನೆಗಡಿ ಎನ್ನಲೇ? ನಮ್ಮ ತಂಗಿಯ ಊರಿಗೆ ಕಳಿಸಲೇ? ಹಾಸ್ಯ ಬರೆಯುವವನಿಗೆ ಸುಳ್ಳಿನ ಬರವಿಲ್ಲ. ಆದರೆ ಪ್ರತಿ ಸುಳ್ಳಿನ ಕೊನೆಗೂ ಕೆಂಪವ್ವ ಮೊರ ಹಿಡಿದು ನಿಂತಿರುತ್ತಿದ್ದಳು. ಹೇಳಿದರೆ ನೀನು ಬನಹಟ್ಟಿಯಲ್ಲೂ ಸಾಯುತ್ತಿ, ಆಮೇಲೆ ಮುಧೋಳದಲ್ಲಿ, ರಬಕವಿಯಲ್ಲಿ. ಊರೂರಿಗೆ ಮತ್ತೆ ಮತ್ತೆ ನಿನ್ನನ್ನು ಹೊರುವ ಹೆಗಲು ನನಗೆಲ್ಲಿದೆ? ಹೇಳದಿದ್ದರೆ, ನಿನ್ನ ಉಡಿಯ ಅಕ್ಕಿಯನ್ನು ನಾನು ಟಾವೆಲ್ಲಿನಲ್ಲಿ ಕಟ್ಟಿಕೊಂಡು ಮನೆಗೆ ತರಬೇಕು.

ಐತಾರ ಗಲಗಲಿಯ ಹೊಳೆಯಲ್ಲಿ ನೀರು ಇಳಿದು ನೀನು ಕೂಡ್ರುತ್ತಿದ್ದ ಕಲ್ಲು ಬಯಲಾಗಿತ್ತು. ಅವರು ಆಗಲೇ ಬಂದು ಕೂತಿದ್ದರು. ಕೆಂಪವ್ವ ಹೊಸ ಸೀರೆ ಉಟ್ಟಿದ್ದಳು. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಷಿಣ ಕುಂಕುಮ, ಗುಳೇದಗುಡ್ಡದ ಖಣ. “ಬಾಯಾರೆಲ್ಲಿ?” “ಹಿಂದ ಅದಾಳ,” ಎಂದೆ. ಎಷ್ಟು ಹಿಂದೆ ಎಂದು ಅವಳು ಕೇಳಲಿಲ್ಲ.

ಹೊತ್ತು ಕಳೆಯಲು ಕೋಲಿಗೆ ರೀಲು ಕಟ್ಟಿ, ನೀನು ಮಾಡುತ್ತಿದ್ದಂತೆ ದಾರದ ತುದಿ ಹಿಡಿದು ಎಳೆದೆ. ಬರಲಿಲ್ಲ. ಹಿಡಿಕೆ ತಿರುವಿದರೆ ಟಕಟಕ ಎಂದು ಒಳಗೆ ಸುತ್ತಿಕೊಳ್ಳುತ್ತದೆ, ಹೊರಗೆ ಎಳೆದರೆ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಬನಹಟ್ಟಿಯಲ್ಲಿ ನಾವು ಒಳಗೆ ಸುತ್ತಿ ನೋಡಿ ಛಲೋ ಆಯಿತೆಂದು ಚಹಾ ಕುಡಿದಿದ್ದೆವು. ಹೊರಗೆ ಬಿಟ್ಟು ನೋಡುವುದು ಇಬ್ಬರಿಗೂ ಹೊಳೆದಿರಲಿಲ್ಲ.

“ಬರೋಬ್ಬರಿ ಐತಲ್ರೀ!” ಎಂದ ಶಿವಪುತ್ರ, ಹೊಳೆಯ ಆಚೆ ದಡಕ್ಕೂ ಕೇಳುವಂತೆ. “ಮಗ್ಗದ ನಾಲಗಿ ಇರೂದ ಅದಕ್ಕ. ಸುತ್ತಿದ ಬಟ್ಟಿ ಹಿಂದ ಬಿಚ್ಚಬಾರದು. ಬಿಚ್ಚಿತಂದ್ರ ಅರಿವಿ ಹಾಳು. ನಾ ಇದನ್ನ ಇನ್ನಷ್ಟ ಚೂಪ ಮಾಡೇನಿ, ಕೂದಲೆಳಿಯಷ್ಟೂ ಹಿಂದ ಹೋಗಂಗಿಲ್ಲ!”

“ಇದು ಬಿಡಬೇಕು, ಶಿವಪುತ್ರಪ್ಪ. ಮೀನು ಎಳದ್ರ ಇದು ಬಿಡಬೇಕು.”

“ಸಿಕ್ಕದ್ದನ್ನ ಯಾಕ ಬಿಡಬೇಕ್ರಿ?”

ನಮ್ಮವ್ವ ಹೊಸ್ತಿಲ ಮೇಲೆ ಕೂತು ಕೇಳಿದ ಪ್ರಶ್ನೆಯೇ ಅದು. ಅವತ್ತು ಉತ್ತರ ಕೊಟ್ಟವಳು ನೀನು. ಈ ಸಲ ಕಲ್ಲಿನ ಮೇಲೆ ನಾನೊಬ್ಬನೇ ಇದ್ದೆ. ಅವನು ಗೊಣಗುತ್ತ ರೀಲು ಬಿಚ್ಚಿ, ನಾಲಿಗೆಯನ್ನು ಹೊರತೆಗೆದು, ಅರದಿಂದ ಅದರ ಇನ್ನೊಂದು ಭುಜವನ್ನು ಉಜ್ಜತೊಡಗಿದ, ಎರಡೂ ಕಡೆ ಜಾರುವಂತೆ. “ಬಾಯಾರು ಬಂದ ಕೂಡ್ಲೆ ನನಗ ಬೈತಾರಿನ್ನ. ಬೈಲಿ, ಪೇಪರಿನ್ಯಾಗ ನನ್ನ ಹೆಸರು ಬರತೈತಿ.” ಕೆಂಪವ್ವ ದಾರಿಯ ಕಡೆ ನೋಡಿದಳು. ಮೊರದ ಅಕ್ಕಿ ಸರಿಮಾಡಿದಳು. ಮತ್ತೆ ದಾರಿ ನೋಡಿದಳು. ಅವಳು ಹಾಗೆ ನೋಡುವಾಗಲೆಲ್ಲ ನಾನೂ ಅತ್ತ ನೋಡುತ್ತಿದ್ದೆ, ಇಂದ್ರವ್ವ. ಖರೇ ಹೇಳುತ್ತೇನೆ, ನೀನು ಬರುತ್ತಿ ಎಂಬಂತೆಯೇ ನೋಡುತ್ತಿದ್ದೆ. ಮೂರೂ ಮಂದಿಯಲ್ಲಿ ಹೆಚ್ಚು ಆಸೆಯಿಂದ ಕಾಯುತ್ತಿದ್ದವನು ನಾನು. ಆಗ ನನಗೆ ನನ್ನ ಮೇಲೇ ಹೆದರಿಕೆಯಾಯಿತು.

“ಕೆಂಪವ್ವಾ,” ಎಂದೆ. “ಅಕಿ ಬರಂಗಿಲ್ಲ. ಕಾರ್ತಿಕದಾಗ ತೀರಿಕೊಂಡ್ಲು.”

ಅರ ನಿಂತಿತು. ಕೆಂಪವ್ವ ಕೇಳಿದಳು, “ನಿನ್ನೆ ಶನಿವಾರದ ಪೇಪರಿನ್ಯಾಗ ಉಪ್ಪಿಟ್ಟಿನ ಸಲುವಾಗಿ ನಿಮಗ ಬೈದಾರಲ್ರಿ?”

“ಅದು ನಾ ಬರದದ್ದು.”

“ಸಂಕ್ರಮಣದಾಗ ಎಳ್ಳ ಹೋಳಿಗಿ?”

“ಅದೂ ನಾನ.”

ಅವಳು ತಲೆಯಾಡಿಸಿದಳು. “ಅದಕ್ಕ. ಬೈಗಳದಾಗ ಉಪ್ಪಿಲ್ಲ, ಬಾಯಾರಿಗೆ ಆರಾಮಿಲ್ಲೇನೋ ಅಂತ ನಾ ಇವರಿಗೆ ಅವತ್ತ ಅಂದಿದ್ದೆ.” ನನ್ನ ಬರಹದ ಬಗ್ಗೆ ಇದುವರೆಗೆ ಬಂದ ವಿಮರ್ಶೆಗಳಲ್ಲಿ ಇದೇ ಅತ್ಯಂತ ನ್ಯಾಯವಾದದ್ದು. ಆಮೇಲೆ ಅವಳಿಗೆ ಸಿಟ್ಟು ಬಂತು. “ಎಂಥಾ ಮನಶ್ಯಾರ್ರೀ ನೀವು? ಕಾರ್ತಿಕದಿಂದ ಇಲ್ಲೀತನ ನಾವು ವಾರಾ ವಾರಾ ಅಕಿನ್ನ ಓದಿ ನಕ್ಕೇವಿ. ಸತ್ತಾಕಿನ್ನ ಓದಿ ನಕ್ಕೇವಿ. ನಮ್ಮ ಮನಿಯಾಕಿ ಇದ್ದಂಗ ಇದ್ಲು. ಒಂದ ಹನಿ ಕಣ್ಣೀರ ಹಾಕಾಕ ನೀವು ಬಿಡಲಿಲ್ಲ ನಮಗ.”

ಏನು ಹೇಳಲಿ? ಅಳು ಮುಗಿದರೆ ನೀನೂ ಮುಗಿಯುತ್ತಿ ಎಂದು ಎಲ್ಲರ ಅಳುವನ್ನೂ ನಾನೇ ಕಟ್ಟಿ ಇಟ್ಟುಕೊಂಡಿದ್ದೆ. ಮೊರ ನೋಡಿದೆ. ಅವಳೂ ನೋಡಿದಳು.

“ಮುತ್ತೈದಿಯಾಗಿ ಹೋಗ್ಯಾಳ,” ಎಂದಳು ಕೆಂಪವ್ವ ಮೂಗು ಒರೆಸಿಕೊಳ್ಳುತ್ತ. “ಅಕಿ ಹೆಸರೀಲೆ ತಂದದ್ದು ನಾ ಹೊಳ್ಳಿ ಒಯ್ಯಂಗಿಲ್ಲ. ಗಂಗವ್ವಗ ತುಂಬತೇನಿ.” ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದಳು. ಹೊಳೆಗೆ ಅರಿಷಿಣ ಕುಂಕುಮ ಹಚ್ಚಿದಳು. ಖಣ ಬಿಟ್ಟಳು, ಕಾಯಿ ಬಿಟ್ಟಳು, ಹಿಡಿ ಹಿಡಿಯಾಗಿ ಅಕ್ಕಿ ಬಿಟ್ಟಳು. ಅಕ್ಕಿ ಬಿದ್ದದ್ದೇ ತಡ, ಎಲ್ಲಿದ್ದವೋ, ಸಣ್ಣ ಮೀನುಗಳು ಗುಂಪುಗೂಡಿ ಬಂದು ಅವಳ ಕಾಲಿನ ಸುತ್ತ ಮುತ್ತಿ ಒಂದರ ಮೇಲೊಂದು ಬಿದ್ದು ತಿನ್ನತೊಡಗಿದವು. ಕೆಂಪವ್ವ ಬಗ್ಗಿ ನೋಡಿದಳು. ನೋಡಿದವಳೇ ಗಟ್ಟಿಯಾಗಿ ಬೈದಳು:

“ಅಯ್ಯ ನಿಮ್ಮ, ಕಣ್ಣ ಕಾಣಂಗಿಲ್ಲೇನ? ಮನಿಯಾಗ ಹಿರ್‍ಯಾರಿಲ್ಲೇನ ಹೇಳಾಕ? ನಿಮ್ಮ ಇಂದ್ರವ್ವನ ಉಡಿ ಅಕ್ಕಿ ಅವು, ಹಗರ್ಕ ತಿನ್ರಿ!”

ಅಂದು ಅಲ್ಲೇ ನೀರಿನಲ್ಲಿ ನಿಂತು ಸೆರಗು ಬಾಯಿಗಿಟ್ಟು ಅತ್ತಳು. ಶಿವಪುತ್ರನೂ ಅತ್ತ. ಅವನ ಅಳುವೂ ದೊಡ್ಡದೇ. ನಾನು ಕಾರ್ತಿಕದಿಂದ ಹೊಸೆದ ಒಂದು ಬೈಗಳದಲ್ಲೂ ಬರದ ಉಪ್ಪು ಅವಳ ಆ ಒಂದು ಮಾತಿನಲ್ಲಿತ್ತು. ನನ್ನ ಲೇಖನಿಯಿಂದ ನೀನು ಯಾವತ್ತೋ ಎದ್ದು ಹೋಗಿದ್ದಿ. ಕೆಂಪವ್ವನ ಬಾಯಲ್ಲಿ ಇದ್ದಿ. ನಾನು ಸುಮ್ಮನೆ ಖಾಲಿ ಬುಟ್ಟಿ ಕಾಯುತ್ತಿದ್ದೆ. ಕಲ್ಲಿನ ಮೇಲೆ ಕೂತು, ನಿನ್ನ ಮಣ್ಣಿನ ದಿನ ಬರದಿದ್ದ ಅಳುವನ್ನು ನಾನೂ ಅತ್ತೆ. ಛತ್ರಿ ಇರಲಿಲ್ಲ, ಕಳಕೊಂಡಿದ್ದೇನೆ, ನಿನಗೆ ಗೊತ್ತೇ ಇದೆ.

ಆಮೇಲೆ ಶಿವಪುತ್ರ ನಾಲಿಗೆ ಕೂಡ್ರಿಸಿ, ಸ್ಕ್ರೂ ಬಿಗಿದು, ರೀಲನ್ನು ನನ್ನ ಕೈಗಿಟ್ಟ. “ಎಳೀರಿ,” ಎಂದ, ಬನಹಟ್ಟಿಯವರಿಗೆ ಸಾಧ್ಯವಾದಷ್ಟು ಸಣ್ಣ ದನಿಯಲ್ಲಿ. ಕೊಂಡಿ ಕಟ್ಟದೆ, ಬರೀ ಸೀಸದ ಗುಂಡು ಕಟ್ಟಿ ಒಗೆದೆ. ಕಿರ್ರೆಂದು ದಾರ ಹೊರಟಿತು. ಆ ದನಿ ಕೇಳಿ ಎಷ್ಟು ದಿನವಾಗಿತ್ತು! ಗುಂಡು ನೀರಿಗೆ ಬಿದ್ದ ಮೇಲೂ ಸೆಳವು ಅದನ್ನು ಎಳೆಯಿತು, ರೀಲು ಬಿಟ್ಟುಕೊಡುತ್ತ ಹೋಯಿತು, ನಾನು ತಡೆಯಲಿಲ್ಲ. ಖಣ ತೇಲಿಹೋದ ದಿಕ್ಕಿಗೇ ಹೋಯಿತು. ಸಾಕೆನಿಸಿದಾಗ ಎಡಗೈಯಲ್ಲಿ ಹಿಡಿಕೆ ಹಿಡಿದು, ನಿನ್ನ ಕುಳಿಯಲ್ಲಿ ನನ್ನ ದಪ್ಪ ಹೆಬ್ಬೆರಳನ್ನು ಹೇಗೋ ತುರುಕಿ, ತಿರುವಿ ತಿರುವಿ ಒಳಗೆ ತಂದೆ.

ಈ ಪತ್ರವನ್ನೇ ಈ ವಾರದ ಅಂಕಣವಾಗಿ ಪ್ರಹ್ಲಾದರಾಯರಿಗೆ ಕೊಡುತ್ತಿದ್ದೇನೆ. ಕಪ್ಪು ಗೆರೆಯ ಚೌಕ ಬೇಡ, ಎಂದಿನ ಜಾಗದಲ್ಲೇ ಹಾಕಿ ಎಂದಿದ್ದೇನೆ. ಓದುವವರು ಅಳಲಿ, ಅವರ ಪಾಲು ಅವರಿಗೆ. ಇನ್ನು ಮುಂದೆ ನಿನ್ನ ಹೆಸರಿನಲ್ಲಿ ನನಗೆ ನಾನೇ ಬೈದುಕೊಳ್ಳುವುದಿಲ್ಲ. ರೀಲು ಪಡಸಾಲೆಯಲ್ಲಿದೆ, ಎಣ್ಣೆ ಹಾಕಿದ್ದೇನೆ, ಎರಡೂ ದನಿ ಬರುತ್ತವೆ. ಬಿಗಿ ಎಷ್ಟಿರಬೇಕೆಂಬುದೊಂದು ಮಾತ್ರ ತಿಳಿಯದೆ ಉಳಿಯಿತು. ಶಿವಪುತ್ರ ಒಂದು ಅಂದಾಜಿನ ಮೇಲೆ ಬಿಗಿದುಕೊಟ್ಟಿದ್ದಾನೆ. ಸರಿಯಿದೆಯೋ ಇಲ್ಲವೋ ಹೇಳಬಲ್ಲ ಕೈ ಒಂದೇ ಇತ್ತು.

ತಂಪಾಗಿರು, ಇಂದ್ರವ್ವ. ನೀನಿರುವಲ್ಲಿ ನೀರಿರಲಿ. ಮೀನುಗಳಿದ್ದರೆ ಮೊದಲ ದಿನವೇ ಬೈಯಬೇಡ, ಪಾಪ, ಅವಕ್ಕೆ ನಿನ್ನ ಪರಿಚಯವಿಲ್ಲ.

ದಂಡೆಯ ಮೇಲೆ ನಿನ್ನ ಎಡಕ್ಕೆ ಕೂಡ್ರುತ್ತಿದ್ದವನು,
ಬಸಗೊಂಡಪ್ಪ
ಜಮಖಂಡಿ